15 ದಿನವೋ 5 ದಿನವೋ: ವಿಕಿರಣ ಚಿಕಿತ್ಸೆಯ ಪ್ರಯೋಗಕ್ಕೆ ಸೇರಿದವಳ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಒಂದು ಗ್ರಾಮ ಗ್ರಂಥಾಲಯದಲ್ಲಿ ಗ್ರಂಥಪಾಲಕಿಯಾಗಿರುವ ನಾನು ಎಡ ಸ್ತನದ ಕ್ಯಾನ್ಸರಿಗೆ ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮತ್ತು ಕಿಮೋಥೆರಪಿಯನ್ನು ಮುಗಿಸಿ, ಕೊನೆಯ ಹಂತವಾದ ವಿಕಿರಣ ಚಿಕಿತ್ಸೆಗೆ ಕೇರಳದ ಇನ್ನೊಂದು ಆಸ್ಪತ್ರೆಗೆ ಹೋದೆ. ಗಡಿ ದಾಟಿ ಮಂಗಳೂರಿಗೆ ಹೋಗುವುದು ನಮಗೆ ಹತ್ತಿರವಾದರೂ ಕೈಯಲ್ಲಿದ್ದ ಹಣ ಅಷ್ಟರಲ್ಲಿ ಬಹುಪಾಲು ಖಾಲಿಯಾಗಿತ್ತು. ನಮ್ಮ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ವೆಚ್ಚ ಭರಿಸುವ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯ ಕಾರ್ಡು ಇತ್ತು. ಅದನ್ನು ಕೇರಳದೊಳಗೇ ಬಳಸುವುದು ಸುಲಭವೆಂದು ಮನೆಯಲ್ಲಿ ತೀರ್ಮಾನವಾಯಿತು. ಅಲ್ಲಿ ವಿಕಿರಣ ವಿಭಾಗದ ವೈದ್ಯೆ ನನ್ನ ಕಡತವನ್ನು ಪೂರ್ತಿ ಓದಿ, ಒಂದು ಕ್ಲಿನಿಕಲ್ ಟ್ರಯಲ್ ನಡೆಯುತ್ತಿದೆ, ನೀವು ಅದಕ್ಕೆ ಹೊಂದುತ್ತೀರಿ, ಮನಸ್ಸಿದ್ದರೆ ಸೇರಬಹುದು ಎಂದರು. ನಾನು ಸೇರಿದೆ. ಚಿಕಿತ್ಸೆಯ ಭಾಗ ಈಗ ಮುಗಿದಿರುವುದರಿಂದ, ಕಾಸರಗೋಡಿನ ಕನ್ನಡಿಗರು ಇಂಥ ಪ್ರಯೋಗಕ್ಕೆ ಸೇರುವ ಸಂದರ್ಭ ಬಂದರೆ ಏನೇನು ಎದುರಾಗುತ್ತದೆ ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಪ್ರಯೋಗವೆಂದರೆ ಹೊಸ ಔಷಧವನ್ನು ಮೊದಲ ಸಲ ಮನುಷ್ಯರ ಮೇಲೆ ನೋಡುವುದು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಸುದ್ದಿ ತಿಳಿದ ಮೈದುನ, "ಅತ್ತಿಗೆ, ಅವರ ಪ್ರಯೋಗಕ್ಕೆ ನೀವು ಮೈ ಕೊಡುವುದಾ?" ಎಂದು ನೇರವಾಗಿಯೇ ಕೇಳಿದ. ನನಗೆ ಹೇಳಿದ ಪ್ರಯೋಗದಲ್ಲಿ ಹೊಸ ಔಷಧವೂ ಇರಲಿಲ್ಲ, ಹೊಸ ಯಂತ್ರವೂ ಇರಲಿಲ್ಲ. ಒಂದೇ ಯಂತ್ರದಲ್ಲಿ ಕೊಡುವ ವಿಕಿರಣವನ್ನು 15 ದಿನಗಳಿಗೆ ಹಂಚಬೇಕೋ, ದಿನದ ಪ್ರಮಾಣವನ್ನು ಹೆಚ್ಚಿಸಿ 5 ದಿನಗಳಲ್ಲಿ ಮುಗಿಸಬೇಕೋ ಎಂಬುದಷ್ಟೇ ಅದರ ಪ್ರಶ್ನೆ.

ಈ ಪ್ರಶ್ನೆಯ ಹಿಂದಿನ ಕಥೆಯನ್ನು ವೈದ್ಯೆ ತಾಳ್ಮೆಯಿಂದ ವಿವರಿಸಿದರು. ಬಹಳ ಕಾಲ ಸ್ತನ ಕ್ಯಾನ್ಸರಿಗೆ 5 ವಾರಗಳಲ್ಲಿ 25 ಸಲ, ಒಟ್ಟು 50 ಗ್ರೇ ವಿಕಿರಣ ಕೊಡುವುದು ವಾಡಿಕೆಯಾಗಿತ್ತು. ಗ್ರೇ ಎಂದರೆ ದೇಹ ಹೀರಿಕೊಂಡ ವಿಕಿರಣದ ಅಳತೆ. ಬ್ರಿಟನ್ನಿನಲ್ಲಿ 2,215 ಮಹಿಳೆಯರು ಪಾಲ್ಗೊಂಡ ಸ್ಟಾರ್ಟ್-ಬಿ ಎಂಬ ಪ್ರಯೋಗ, 3 ವಾರಗಳಲ್ಲಿ 15 ಸಲ ಒಟ್ಟು 40 ಗ್ರೇ ಕೊಟ್ಟರೂ ರೋಗ ಮರುಕಳಿಸುವುದು ಹೆಚ್ಚುವುದಿಲ್ಲವೆಂದು 2008ರಲ್ಲಿ ತೋರಿಸಿತು. ಆಮೇಲೆ ಅದೇ ದೇಶದ ಫಾಸ್ಟ್-ಫಾರ್ವರ್ಡ್ ಪ್ರಯೋಗ 4,096 ರೋಗಿಗಳಲ್ಲಿ ಇನ್ನೂ ಮುಂದೆ ಹೋಗಿ 5 ದಿನಗಳಲ್ಲಿ 26 ಗ್ರೇ ಕೊಟ್ಟು ನೋಡಿತು. 2020ರಲ್ಲಿ ಪ್ರಕಟವಾದ ಅದರ 5 ವರ್ಷಗಳ ಫಲಿತಾಂಶದಲ್ಲಿ ಅದೇ ಸ್ತನದಲ್ಲಿ ರೋಗ ಮರುಕಳಿಸಿದ್ದು 15 ದಿನದವರಲ್ಲಿ ಶೇಕಡಾ 2.1, 26 ಗ್ರೇ ಪಡೆದ 5 ದಿನದವರಲ್ಲಿ ಶೇಕಡಾ 1.4. ಇನ್ನೊಂದು ಗುಂಪಿಗೆ 5 ದಿನಗಳಲ್ಲಿ 27 ಗ್ರೇ ಕೊಟ್ಟಿದ್ದರು. ಅವರಲ್ಲಿ ಚರ್ಮ ಮತ್ತು ಸ್ತನದ ಮೇಲಿನ ಪರಿಣಾಮಗಳು ಹೆಚ್ಚು ಕಂಡವು. ಒಂದೇ ಒಂದು ಗ್ರೇ ವ್ಯತ್ಯಾಸ ಇಷ್ಟು ಮಾಡುತ್ತದೆಂಬುದು ನನ್ನನ್ನು ಸ್ವಲ್ಪ ಹೆದರಿಸಿತು; ಆದರೆ ಇಂಥ ವಿಷಯವನ್ನು ಊಹೆಯಿಂದ ತೀರ್ಮಾನಿಸಲಾಗದೆಂದೂ ಅದರಿಂದಲೇ ಅರ್ಥವಾಯಿತು.

ಅಷ್ಟು ತಿಳಿದ ಮೇಲೆ ಪುನಃ ಪರೀಕ್ಷಿಸುವುದೇಕೆ ಎಂದು ನಾನು ಕೇಳಿದೆ. ಫಾಸ್ಟ್-ಫಾರ್ವರ್ಡ್‌ನ ಆ ಮುಖ್ಯ ಫಲಿತಾಂಶ ಸ್ತನಕ್ಕೆ ಅಥವಾ ಎದೆಯ ಗೋಡೆಗೆ ಮಾತ್ರ ವಿಕಿರಣ ಪಡೆದವರದ್ದು. ನನಗೆ ಕಂಕುಳಿನ ಗ್ರಂಥಿಗಳಿಗೂ ರೋಗ ತಲುಪಿದ್ದರಿಂದ ಕೊರಳ ಬುಡದ ಎಲುಬಿನ ಮೇಲ್ಭಾಗಕ್ಕೂ ವಿಕಿರಣ ಬೇಕಿತ್ತು. ಆ ಜಾಗದಲ್ಲಿ ಕೈಗೆ ಹೋಗುವ ನರಗಳ ಗುಚ್ಛವಿದೆ. ದಿನದ ಪ್ರಮಾಣ ಹೆಚ್ಚಾದಾಗ ಅದಕ್ಕೆ, ಮತ್ತು ಕೈ ಊದಿಕೊಳ್ಳುವ ತೊಂದರೆಗೆ, ವರ್ಷಗಳ ನಂತರ ಏನಾಗುತ್ತದೆ ಎಂಬುದನ್ನು ಪ್ರತ್ಯೇಕವಾಗಿಯೇ ನೋಡಬೇಕು. ಗ್ರಂಥಿಗಳಿಗೆ ಹರಡಿದ ಮೇಲೆಯೇ ಆಸ್ಪತ್ರೆಗೆ ಬರುವವರು ನಮ್ಮ ದೇಶದಲ್ಲಿ ಬಹಳ ಮಂದಿ ಇರುವುದರಿಂದ ಈ ಪ್ರಶ್ನೆಯನ್ನು ಇಲ್ಲಿಯೇ ಕೇಳುವುದು ಅಗತ್ಯ ಎಂದರು. ಕೋಲ್ಕತ್ತಾದ ಟಾಟಾ ಮೆಡಿಕಲ್ ಸೆಂಟರ್ ಮುನ್ನಡೆಸುವ ಹೈಪೋರ್ಟ್ ಅಡ್ಜುವಂಟ್ ಎಂಬ ಪ್ರಯೋಗವೂ ಇದೇ 26 ಗ್ರೇ ಮತ್ತು 40 ಗ್ರೇಗಳನ್ನು ಹೋಲಿಸುವಂಥದ್ದು ಎಂದು ಅವರಿಂದಲೇ ತಿಳಿಯಿತು.

ಇಷ್ಟಾದ ಮೇಲೆ ನನ್ನ ಮನಸ್ಸು ಒಳಗೊಳಗೇ 5 ದಿನದ ಕಡೆಗೆ ವಾಲಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಮನೆಯಲ್ಲಿ ಅತ್ತೆಗೆ ನಡೆದಾಡಲು ಕಷ್ಟ, ಯಜಮಾನರಿಗೆ ಅಡಿಕೆ ಕೊಯ್ಲಿನ ಸಮಯ, ಆಸ್ಪತ್ರೆಗೆ ರೈಲಿನಲ್ಲಿ ಕೆಲವು ಗಂಟೆಗಳ ದಾರಿ. ಒಂದೇ ವಾರದಲ್ಲಿ ಮುಗಿದರೆ ಯಾರಿಗೆ ಬೇಡ? ಆದರೆ ಯಾವ ಗುಂಪಿಗೆ ಸೇರುತ್ತೇವೆ ಎಂಬುದನ್ನು ರೋಗಿಯೂ ಆರಿಸುವಂತಿಲ್ಲ, ವೈದ್ಯರೂ ಆರಿಸುವಂತಿಲ್ಲ. ಒಪ್ಪಿಗೆಗೆ ಸಹಿ ಬಿದ್ದ ನಂತರ ಚೀಟಿ ಎತ್ತಿದಂತೆ ಕಂಪ್ಯೂಟರು ತೀರ್ಮಾನಿಸುತ್ತದೆ. ವೈದ್ಯರೇ ಆರಿಸಿದರೆ ಗಟ್ಟಿಮುಟ್ಟಾದವರೆಲ್ಲ ಒಂದು ಗುಂಪಿಗೆ ಬಿದ್ದು ಹೋಲಿಕೆಯೇ ಕೆಡುತ್ತದೆ. ಎರಡರಲ್ಲಿ ಯಾವುದು ಬಂದರೂ ಸರಿ ಎಂದು ಮನಸ್ಸು ಒಪ್ಪದಿದ್ದರೆ ಸಹಿ ಹಾಕಬೇಡಿ ಎಂದು ರಿಸರ್ಚ್ ಕೋಆರ್ಡಿನೇಟರ್ ಆಗಿದ್ದ ಹುಡುಗಿ ಎರಡೆರಡು ಸಲ ಹೇಳಿದಳು. ಮುಂದೆ ಹೋಗುವವರು ಈ ಮಾತನ್ನು ಮನೆಯವರ ಜೊತೆ ಕುಳಿತು, ಉದ್ದದ ಅವಧಿ ಬಂದರೆ ಯಾರು ಜೊತೆಗಿರುತ್ತಾರೆ, ಮನೆ ಯಾರು ನೋಡುತ್ತಾರೆ ಎಂಬುದರ ಸಮೇತ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಮೊದಲ ಅಡಚಣೆ ಬಂದದ್ದು ಕಾಗದದಿಂದ. ಮಾಹಿತಿ ಪತ್ರ ಮತ್ತು ಒಪ್ಪಿಗೆ ಪತ್ರ ಮಲಯಾಳದಲ್ಲಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇದ್ದವು. ನಾನು ಮಲಯಾಳ ಮಾತಾಡುತ್ತೇನೆ. ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ, ಮಲಯಾಳದ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುವಷ್ಟೇ ಬರುತ್ತದೆ. ಕಾಸರಗೋಡಿನ ನನ್ನ ವಯಸ್ಸಿನವರಲ್ಲಿ ಇದು ಅಪರೂಪವೇನಲ್ಲ. "ಚೇಚೀ, ನಾನು ಓದಿ ಹೇಳುತ್ತೇನೆ, ನೀವು ಸಹಿ ಹಾಕಿ" ಎಂದು ಅಲ್ಲಿನ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಒಪ್ಪಲಿಲ್ಲ. ಮನೆಗೆ ಒಯ್ದು, ಓದಿ, ಅಡಿಗೆರೆ ಹಾಕಿ, ಪ್ರಶ್ನೆಗಳನ್ನು ಬರೆದುಕೊಂಡು ಬರಬೇಕಾದ ಪತ್ರವದು. ಪಾಲ್ಗೊಳ್ಳುವವರಿಗೆ ಅರ್ಥವಾಗುವ ಭಾಷೆಯಲ್ಲಿಯೇ ಮಾಹಿತಿ ಕೊಡಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೈತಿಕ ಮಾರ್ಗಸೂಚಿಗಳಲ್ಲಿಯೇ ಇದೆ. ಹಾಗಾಗಿ ಕನ್ನಡದ ಪ್ರತಿ ಬೇಕೆಂದು ವಿನಯದಿಂದ, ಆದರೆ ಬರವಣಿಗೆಯಲ್ಲಿ ಕೇಳಿದೆ.

ಅದು ಅನುವಾದಕರೊಬ್ಬರಿಗೆ ಕೊಟ್ಟು ಮರುದಿನ ತರಿಸುವಂಥ ಕೆಲಸವಲ್ಲವೆಂದು ನನಗೆ ಆಗ ತಿಳಿಯಿತು. ಅನುವಾದವಾದ ಪತ್ರವನ್ನು ಬೇರೊಬ್ಬರು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಮೂಲದೊಂದಿಗೆ ತಾಳೆ ನೋಡಬೇಕು. ಆಮೇಲೆ ಪ್ರಯೋಗಗಳು ನೈತಿಕವಾಗಿ ಸರಿಯೇ ಎಂದು ನೋಡುವ ಆಸ್ಪತ್ರೆಯ ಎಥಿಕ್ಸ್ ಕಮಿಟಿ ಅದಕ್ಕೆ ಒಪ್ಪಿಗೆ ಕೊಡಬೇಕು. ಕಮಿಟಿ ತನಗೆ ನಿಗದಿಯಾದ ದಿನಗಳಲ್ಲಿ ಮಾತ್ರ ಸೇರುತ್ತದೆ. ಇತ್ತ ಕಿಮೋ ಮುಗಿದು ಇಂತಿಷ್ಟು ವಾರಗಳೊಳಗೆ ವಿಕಿರಣ ಆರಂಭವಾಗಬೇಕೆಂಬ ಮಿತಿಯೂ ಇತ್ತು. ಆ ಕಾಯುವಿಕೆ ನನ್ನನ್ನು ಹಣ್ಣು ಮಾಡಿತು. ದಿನ ಮೀರಿದರೆ ಪ್ರಯೋಗವನ್ನು ಬಿಟ್ಟು ಸಾಮಾನ್ಯ ಚಿಕಿತ್ಸೆಯನ್ನು ಆರಂಭಿಸುತ್ತೇವೆ, ಚಿಕಿತ್ಸೆ ಮಾತ್ರ ತಡವಾಗಲು ಬಿಡುವುದಿಲ್ಲ ಎಂದು ವೈದ್ಯೆ ಭರವಸೆ ಕೊಟ್ಟ ಮೇಲೆಯೇ ನಿದ್ದೆ ಬಂದದ್ದು. ಕನ್ನಡದ ಪತ್ರ ಮಿತಿಯೊಳಗೇ ಬಂತು. ಇನ್ನು ಅದೇ ಪ್ರಯೋಗಕ್ಕೆ ಸೇರುವ ಕನ್ನಡಿಗರು ಕಾಯಬೇಕಾಗಿಲ್ಲ. ಬೇರೆ ಪ್ರಯೋಗವಾದರೆ ಮೊದಲ ಭೇಟಿಯಲ್ಲಿಯೇ ಕನ್ನಡದ ಪ್ರತಿ ಇದೆಯೇ ಎಂದು ಕೇಳಿಬಿಡಿ. ಎರಡನೆಯ ಭೇಟಿಗೆ ಬಿಟ್ಟರೆ ಕಮಿಟಿಯ ಒಂದು ಸಭೆ ತಪ್ಪಿಹೋಗಬಹುದು.

ಪತ್ರದಲ್ಲಿ ನಾನು ಗಮನವಿಟ್ಟು ನೋಡಿದ್ದು ನಾಲ್ಕೈದು ವಿಷಯಗಳನ್ನು: ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಬರಬಹುದೇ, ಹೊರಬಂದರೆ ಚಿಕಿತ್ಸೆ ಮುಂದುವರಿಯುತ್ತದೆಯೇ, ಪ್ರಯೋಗದಿಂದಲೇ ಹಾನಿಯಾದರೆ ಅದರ ಚಿಕಿತ್ಸೆ ಮತ್ತು ಪರಿಹಾರ ಯಾರ ಹೊಣೆ, ನನ್ನ ಹೆಸರು ಹೊರಗೆ ಹೋಗುತ್ತದೆಯೇ ಅಥವಾ ಸಂಕೇತ ಸಂಖ್ಯೆ ಮಾತ್ರವೇ, ಮತ್ತು ಖರ್ಚು. ಖರ್ಚಿನ ವಿಷಯವನ್ನು ಒತ್ತಿ ಹೇಳಬೇಕು. ಪ್ರಯೋಗಕ್ಕೆ ಸೇರಿದರೆ ಎಲ್ಲವೂ ಉಚಿತವೆಂದು ನಮ್ಮ ನೆಂಟರೆಲ್ಲ ಭಾವಿಸಿದ್ದರು. ಔಷಧ ಕಂಪನಿ ಹಣ ಹಾಕಿ ನಡೆಸುವ ಪ್ರಯೋಗದಲ್ಲಿ ಆ ಔಷಧ ಉಚಿತವಾಗಿ ಸಿಗುವುದುಂಟು. ನನ್ನದು ವೈದ್ಯರೇ ನಡೆಸುವ ಪ್ರಯೋಗ. ವಿಕಿರಣವು ಹೇಗೂ ಕೊಡಬೇಕಾದ ಚಿಕಿತ್ಸೆಯಾದ್ದರಿಂದ ಅದರ ವೆಚ್ಚ ವಿಮೆಯ ಮೂಲಕವೋ ಕೈಯಿಂದಲೋ ನಮ್ಮದೇ. ಪ್ರಯೋಗಕ್ಕಾಗಿ ಮಾತ್ರ ಮಾಡುವ ಹೆಚ್ಚುವರಿ ಪರೀಕ್ಷೆಗಳು ಅವರ ಲೆಕ್ಕಕ್ಕೆ. ಸಹಿ ಹಾಕಿದ ಪತ್ರದ ಒಂದು ಪ್ರತಿಯನ್ನು ಕೇಳಿ ಪಡೆದುಕೊಳ್ಳಿ, ಅದು ನಿಮ್ಮ ಹಕ್ಕು. ನನ್ನ ಪತ್ರದಲ್ಲಿ ಸಿಟಿಆರ್‌ಐ ಎಂದು ಆರಂಭವಾಗುವ ನೋಂದಣಿ ಸಂಖ್ಯೆ ಇತ್ತು. 2007ರಲ್ಲಿ ಆರಂಭವಾದ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯ ಜಾಲತಾಣದಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಪ್ರಯೋಗವನ್ನು ನಡೆಸುವವರು ಯಾರು, ಎಷ್ಟು ಮಂದಿಯನ್ನು ಸೇರಿಸುತ್ತಾರೆ, ಏನನ್ನು ಅಳೆಯುತ್ತಾರೆ ಎಂಬುದೆಲ್ಲ ಯಾರಿಗೂ ಕಾಣಸಿಗುತ್ತದೆ. ಮೈದುನನ ಅನುಮಾನ ಅರ್ಧ ಕರಗಿದ್ದು ಆ ಪುಟವನ್ನು ತಾನೇ ಮೊಬೈಲಿನಲ್ಲಿ ಓದಿದ ಮೇಲೆ.

ಎರಡನೆಯ ಅಡಚಣೆ ಹೆಸರಿನದು. ಮಂಗಳೂರಿನ ದಾಖಲೆಗಳಲ್ಲಿ ನನ್ನ ಹೆಸರಿನ ಮುಂದೆ ಗಂಡನ ಹೆಸರಿತ್ತು. ಆಧಾರ್ ಮತ್ತು ರೇಶನ್ ಕಾರ್ಡಿನಲ್ಲಿ ತಂದೆಯ ಹೆಸರಿನ ಮೊದಲ ಅಕ್ಷರ. ಬಯಾಪ್ಸಿ ವರದಿಯ ಹೆಂಗಸು ಮತ್ತು ಕಾರ್ಡಿನ ಹೆಂಗಸು ಒಬ್ಬಳೇ ಎಂಬುದಕ್ಕೆ ದಾಖಲೆ ಬೇಕೆಂದು ವಿಮೆಯ ಕೌಂಟರಿನಲ್ಲಿ ಕೇಳಿದರು. ಇದಕ್ಕೆ ಕೇರಳದಲ್ಲಿ ವಿಲ್ಲೇಜ್ ಆಫೀಸಿನಿಂದ ಸಿಗುವ "ವನ್ ಆ್ಯಂಡ್ ಸೇಮ್" ಪ್ರಮಾಣಪತ್ರವಿದೆ. ಅಕ್ಷಯ ಕೇಂದ್ರದಿಂದಲೇ ಅರ್ಜಿ ಹಾಕಬಹುದು. ಆಸ್ಪತ್ರೆಯವರು ಕೇಳುವ ಮೊದಲೇ ಮಾಡಿಸಿಟ್ಟುಕೊಂಡರೆ ಕೌಂಟರಿನ ಮುಂದೆ ಒಂದು ದಿನ ಉಳಿಯುತ್ತದೆ. ಹಾಗೆಯೇ ಶಸ್ತ್ರಚಿಕಿತ್ಸೆಯಾದ ಆಸ್ಪತ್ರೆಯಿಂದ ಡಿಸ್ಚಾರ್ಜ್ ಸಮ್ಮರಿಯನ್ನಷ್ಟೇ ತಂದರೆ ಸಾಲದು. ಪ್ರಯೋಗದ ತಂಡದವರು ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕ್ ಮತ್ತು ಅದರಿಂದ ಮಾಡಿದ ಗಾಜಿನ ಸ್ಲೈಡುಗಳನ್ನೂ ಕೇಳಿದರು, ತಮ್ಮಲ್ಲಿಯೇ ಇನ್ನೊಮ್ಮೆ ನೋಡಬೇಕೆಂದು. ಅವುಗಳನ್ನು ಪಡೆಯಲು ಚಿಕಿತ್ಸೆ ಕೊಡುವ ವೈದ್ಯರ ಪತ್ರ ಬೇಕು, ರೋಗಿಯ ಗುರುತಿನ ಚೀಟಿಯೂ ಬೇಕು. ಬ್ಲಾಕನ್ನು ಬಿಸಿಲಿಗೆ ಇಡಬಾರದು, ಮೇಣ ಕರಗುತ್ತದೆ. ತಲಪಾಡಿಯಿಂದ ಮನೆಯವರೆಗೆ ಬಸ್ಸಿನ ಕಿಟಕಿಯ ಬದಿಯಿಂದ ಸರಿದು ಕುಳಿತು ತಂದೆವು.

ಸಹಿಯಾದ ಮರುದಿನ ಕೋಆರ್ಡಿನೇಟರ್ ಫೋನು ಮಾಡಿ ಫಲಿತಾಂಶ ಹೇಳಿದಳು: 15 ದಿನ. ನಾನು "ಆಯಿತು" ಎಂದು ಫೋನಿಟ್ಟೆ. ಆಮೇಲೆ ಸ್ವಲ್ಪ ಹೊತ್ತು ಸಿಟ್ಟೇ ಬಂತು, ಯಾರ ಮೇಲೆಂದು ತಿಳಿಯದ ಸಿಟ್ಟು. ಇಷ್ಟೆಲ್ಲ ಕಾಗದಕ್ಕಾಗಿ ಓಡಾಡಿ ಸಿಕ್ಕಿದ್ದು ಪ್ರಯೋಗವಿಲ್ಲದಿದ್ದರೂ ಸಿಗುತ್ತಿದ್ದ ಅದೇ ಚಿಕಿತ್ಸೆ. "ಬೇಡವಾದರೆ ಬಿಡಬಹುದಲ್ಲ, ಹಾಗಂತ ಬರೆದಿದೆಯಲ್ಲ" ಎಂದು ಅಣ್ಣ ಹೇಳಿದ. ಬಿಡಬಹುದಿತ್ತು, ನಿಜ. ಆದರೆ ಬಿಟ್ಟರೂ ನನಗೆ ಕೊಡುವುದು ಅದೇ 15 ದಿನದ ಚಿಕಿತ್ಸೆಯನ್ನೇ. ಪ್ರಯೋಗದ ಹೊರಗೆ ಆ ಆಸ್ಪತ್ರೆಯಲ್ಲಿ ಗ್ರಂಥಿಗಳಿಗೂ ವಿಕಿರಣ ಬೇಕಾದವರಿಗೆ 5 ದಿನದ ಕ್ರಮ ಇರಲಿಲ್ಲ. ಜೊತೆಗೆ ಇನ್ನೊಂದು ವಿಷಯವೂ ಇತ್ತು. 5 ದಿನದವರಿಗೆ ತೊಂದರೆ ಹೆಚ್ಚೋ ಕಡಿಮೆಯೋ ಎಂದು ತಿಳಿಯುವುದು 15 ದಿನದವರ ಜೊತೆ ಹೋಲಿಸಿದಾಗ ಮಾತ್ರ. ಉದ್ದದ ಗುಂಪು ಬಂದವರೆಲ್ಲ ಬೇಸರದಿಂದ ಹೊರಗೆ ಹೋದರೆ ಲೆಕ್ಕ ನಿಲ್ಲುವುದಿಲ್ಲ. ನಾನು ಉಳಿದೆ.

ಸಿಮ್ಯುಲೇಶನ್ ಎಂದರೆ ಚಿಕಿತ್ಸೆಯ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ ಅಳತೆ ತೆಗೆಯುವ ದಿನ. ಎರಡೂ ಕೈಗಳನ್ನು ತಲೆಯ ಮೇಲೆ ಚಾಚಿ ಅಲುಗದೆ ಮಲಗಬೇಕು. ಕಂಕುಳಿನ ಶಸ್ತ್ರಚಿಕಿತ್ಸೆಯಾದವರ ತೋಳು ಬಿಗಿದುಕೊಂಡಿದ್ದರೆ ಇದು ಸಾಧ್ಯವೇ ಆಗುವುದಿಲ್ಲ. ನನ್ನ ಎದುರಿಗೆ ಕುಳಿತಿದ್ದ ಪಯ್ಯನ್ನೂರಿನ ಹೆಂಗಸೊಬ್ಬರನ್ನು ತೋಳಿನ ವ್ಯಾಯಾಮ ಮಾಡಿ ಬನ್ನಿ ಎಂದು ವಾಪಸು ಕಳುಹಿಸಿದರು. ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುವ ವ್ಯಾಯಾಮವನ್ನು ಕಿಮೋ ನಡೆಯುವಾಗಲೂ ಬಿಡದಿದ್ದುದು ನನ್ನ ಅದೃಷ್ಟ. ಎಡ ಸ್ತನವಾದ್ದರಿಂದ ಹೃದಯಕ್ಕೆ ವಿಕಿರಣ ತಗಲದಂತೆ ಆಳವಾಗಿ ಉಸಿರೆಳೆದು ಹಿಡಿದಿಡುವ ಅಭ್ಯಾಸವನ್ನೂ ಮಾಡಿಸಿದರು. ಉಸಿರು ತುಂಬಿದಾಗ ಹೃದಯ ಎದೆಯ ಗೋಡೆಯಿಂದ ಹಿಂದೆ ಸರಿಯುತ್ತದೆ. "ಶ್ವಾಸಂ ಎಡುಕ್ಕೂ, ಪಿಡಿಚ್ಚು ವೆಕ್ಕೂ" ಎಂದು ಸ್ಪೀಕರಿನಲ್ಲಿ ಹೇಳುತ್ತಾರೆ, ಇಪ್ಪತ್ತು ಸೆಕೆಂಡಿನಷ್ಟು ಹಿಡಿಯಬೇಕು. ಮನೆಯಲ್ಲಿ ಮಲಗಿ ಅಭ್ಯಾಸ ಮಾಡಿಕೊಂಡು ಹೋದರೆ ಕಷ್ಟವಿಲ್ಲ. ಎದೆಯ ಮೇಲೆ ಎಳ್ಳಿಗಿಂತ ಸಣ್ಣದಾದ ಹಚ್ಚೆಯ ಚುಕ್ಕಿಗಳನ್ನು ಹಾಕುತ್ತಾರೆ, ಅವು ಅಳಿಸುವುದಿಲ್ಲ.

ಸಿಮ್ಯುಲೇಶನ್ ಆದ ಕೂಡಲೇ ಚಿಕಿತ್ಸೆ ಶುರುವಾಗುತ್ತದೆಂದು ಬಟ್ಟೆ ಕಟ್ಟಿಕೊಂಡು ಹೋಗಬೇಡಿ. ಸ್ಕ್ಯಾನಿನ ಒಂದೊಂದು ಚಿತ್ರದಲ್ಲಿಯೂ ವಿಕಿರಣ ಬೀಳಬೇಕಾದ ಜಾಗವನ್ನೂ ಉಳಿಸಬೇಕಾದ ಹೃದಯ, ಶ್ವಾಸಕೋಶಗಳನ್ನೂ ವೈದ್ಯರು ಗೆರೆ ಎಳೆದು ಗುರುತಿಸುತ್ತಾರೆ. ಭೌತವಿಜ್ಞಾನಿಗಳು ಯೋಜನೆ ಮಾಡುತ್ತಾರೆ. ಪ್ರಯೋಗದಲ್ಲಿ ಈ ಯೋಜನೆಯನ್ನು ಮತ್ತೊಬ್ಬರು ಪರಿಶೀಲಿಸುವ ಹಂತವೂ ಇತ್ತು. ಅದಕ್ಕೆ ವಾರಕ್ಕೂ ಹೆಚ್ಚು ಹಿಡಿಯಿತು.

ಊರಿನಲ್ಲಿ "ಕರೆಂಟ್ ಕೊಡುವುದು" ಎನ್ನುವುದರಿಂದ ಅತ್ತೆಗೆ ಭಯವಿತ್ತು, ನನಗೂ ಇತ್ತು. ಯಂತ್ರದ ಕೆಳಗೆ ಮಲಗಿದಾಗ ಏನೂ ಅನಿಸುವುದಿಲ್ಲ. ವಿಕಿರಣ ಕೊಡುವುದು ಕೆಲವೇ ನಿಮಿಷ, ಚುಕ್ಕಿಗಳಿಗೆ ಸರಿಯಾಗಿ ಮಲಗಿಸುವುದಕ್ಕೇ ಹೆಚ್ಚು ಹೊತ್ತು. ಸೋಮವಾರದಿಂದ ಶುಕ್ರವಾರದವರೆಗೆ ಚಿಕಿತ್ಸೆ, ಶನಿವಾರ ಭಾನುವಾರ ಬಿಡುವು. ಆಸ್ಪತ್ರೆಯ ಸಮೀಪ ದಿನಕ್ಕೆ 500 ರೂಪಾಯಿ ಬಾಡಿಗೆಯ ಒಂದು ಕೋಣೆ ಹಿಡಿದೆವು, ಗಂಜಿ ಬೇಯಿಸಿಕೊಳ್ಳಲು ಅನುಮತಿ ಇದ್ದದ್ದರಿಂದ ಊಟದ ಖರ್ಚು ಉಳಿಯಿತು. ಶುಕ್ರವಾರ ಊರಿಗೆ ಮರಳುತ್ತಿದ್ದೆವು. ರೈಲಿನಲ್ಲಿ ಕ್ಯಾನ್ಸರ್ ರೋಗಿಗಳಿಗೆ ರಿಯಾಯಿತಿ ಇದೆ: ಸ್ಲೀಪರ್‌ನಲ್ಲಿ ರೋಗಿಗೆ ಪೂರ್ತಿ, ಜೊತೆಗೆ ಬರುವ ಒಬ್ಬರಿಗೆ ಶೇಕಡಾ 75. ಅದಕ್ಕೆ ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಸಹಿ ಮತ್ತು ಮೊಹರು ಬೇಕು. ಮೊದಲ ಭೇಟಿಯಲ್ಲಿಯೇ ಇದನ್ನು ವಿಚಾರಿಸಿ.

ನಡುವೆ ಒಮ್ಮೆ ಯಂತ್ರ ಕೆಟ್ಟಿತು. ಬೆಳಗ್ಗೆಯಿಂದ ಸಂಜೆಯವರೆಗೆ ಕುರ್ಚಿಯಲ್ಲಿ ಕಾದು, ನಾಳೆ ಬನ್ನಿ ಎಂಬ ಮಾತು ಕೇಳಿ ಕೋಣೆಗೆ ಹೋದೆವು. ಪ್ರಯೋಗದಲ್ಲಿರುವವರಿಗೆ ತಪ್ಪಿದ ದಿನವನ್ನು ಹೇಗೆ ತುಂಬಬೇಕೆಂದು ಮೊದಲೇ ಬರೆದಿಟ್ಟಿರುತ್ತಾರೆ. ನನಗೆ ಕೊನೆಯಲ್ಲಿ ಒಂದು ದಿನ ಸೇರಿಸಿದರು. ಇದಕ್ಕಿಂತ ದೊಡ್ಡ ಅನಿರೀಕ್ಷಿತ ಬೂಸ್ಟ್‌ನದು. ಗಡ್ಡೆ ಇದ್ದ ಜಾಗಕ್ಕೆ ಮಾತ್ರ ಹೆಚ್ಚುವರಿಯಾಗಿ ಕೊಡುವ ವಿಕಿರಣವದು. ಐವತ್ತರ ಒಳಗಿನವರಿಗೆ ಮರುಕಳಿಸುವ ಸಂಭವ ಹೆಚ್ಚಾದ್ದರಿಂದ ನನಗೂ ಅದು ಬೇಕೆಂದರು. ಅಂದರೆ 15 ದಿನ ಎಂದದ್ದು 15ಕ್ಕೆ ಮುಗಿಯಲಿಲ್ಲ, 5 ದಿನದ ಗುಂಪಿನಲ್ಲಿ ಬೂಸ್ಟ್ ಬೇಕಾದವರಿಗೂ ಅದು 5ಕ್ಕೆ ಮುಗಿಯಲಿಲ್ಲ. ಈ ಪ್ರಶ್ನೆಯನ್ನು ಸಹಿಗೆ ಮೊದಲೇ ಕೇಳಿ, ರಜೆಯನ್ನೂ ಬಾಡಿಗೆಯನ್ನೂ ಆ ಲೆಕ್ಕದಲ್ಲಿ ಮಾಡಿಕೊಳ್ಳಬೇಕು.

ಚರ್ಮ ಮೂರನೆಯ ವಾರದಲ್ಲಿ ಕಪ್ಪಾಗತೊಡಗಿತು. ನಿಜವಾದ ಉರಿ ಬಂದದ್ದು ಚಿಕಿತ್ಸೆ ಮುಗಿದು ಮನೆಗೆ ಬಂದ ಮೇಲೆ: ಕಂಕುಳಲ್ಲಿ ಮತ್ತು ಸ್ತನದ ಕೆಳಮಡಿಕೆಯಲ್ಲಿ ಚರ್ಮ ಸುಲಿಯಿತು. ಮುಗಿದ ನಂತರದ ಒಂದೆರಡು ವಾರ ಹೆಚ್ಚಾಗಿ, ಆಮೇಲೆ ಇಳಿಯುತ್ತದೆಂದು ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಸಡಿಲವಾದ ಹತ್ತಿಯ ರವಿಕೆ, ಉಗುರು ಬೆಚ್ಚಗಿನ ನೀರು, ವೈದ್ಯರು ಬರೆದುಕೊಟ್ಟ ಮುಲಾಮು, ಇಷ್ಟೇ. ಅರಸಿನ, ತೆಂಗಿನೆಣ್ಣೆ ಎಂದು ನೆರೆಹೊರೆಯವರು ಪ್ರೀತಿಯಿಂದ ತಂದುಕೊಟ್ಟದ್ದನ್ನೆಲ್ಲ ತೆಗೆದಿಟ್ಟೆ. ಆಯಾಸ ಮಾತ್ರ ಇನ್ನೂ ಪೂರ್ತಿ ಬಿಟ್ಟಿಲ್ಲ. ಗ್ರಂಥಾಲಯದಲ್ಲಿ ಮಧ್ಯಾಹ್ನದ ಹೊತ್ತಿಗೆ ಕುಳಿತಲ್ಲಿಯೇ ಕಣ್ಣು ಮುಚ್ಚುತ್ತದೆ.

ಪ್ರಯೋಗ ಎಂಬುದು ನಿಜವಾಗಿ ಕಾಣುವುದು ಈಗ. ಸಾಮಾನ್ಯ ರೋಗಿಗೆ ಕೇಳದ ಎಷ್ಟೋ ಪ್ರಶ್ನೆಗಳಿರುವ ಪಟ್ಟಿಯನ್ನು ತುಂಬಬೇಕು: ಕೈ ಎತ್ತಲು ನೋವೇ, ಸ್ತನ ಗಟ್ಟಿಯಾಗಿದೆಯೇ, ನಿದ್ದೆ ಹೇಗೆ, ಮನೆಕೆಲಸ ಎಷ್ಟು ಸಾಧ್ಯ, ದಾಂಪತ್ಯದ ಬಗ್ಗೆಯೂ. ಎರಡೂ ತೋಳುಗಳ ಸುತ್ತಳತೆಯನ್ನು ಟೇಪಿನಲ್ಲಿ ಅಳೆಯುತ್ತಾರೆ. ಮುಖ ಕಾಣದಂತೆ ಎದೆಯ ಛಾಯಾಚಿತ್ರ ತೆಗೆಯುತ್ತಾರೆ. ವರ್ಷಗಳ ನಂತರದ ಬದಲಾವಣೆಯನ್ನು ಹೋಲಿಸಲು ಅದು ಬೇಕು. ನನಗೆ ಸಂಕೋಚವಾಯಿತು, ಮಹಿಳೆಯೊಬ್ಬರೇ ತೆಗೆಯಲಿ ಎಂದು ಕೇಳಿದೆ, ಒಪ್ಪಿದರು. ಛಾಯಾಚಿತ್ರ ಬೇಡ ಎಂದು ಆ ಒಂದಕ್ಕೆ ಮಾತ್ರ ನಿರಾಕರಿಸುವ ಆಯ್ಕೆಯೂ ನನ್ನ ಪತ್ರದಲ್ಲಿ ಪ್ರತ್ಯೇಕವಾಗಿತ್ತು.

ಇಂಥ ಭೇಟಿಗಳು ವರ್ಷಗಳ ಕಾಲ ನಡೆಯುತ್ತವೆ. ಪ್ರತಿ ಸಲವೂ ಅಲ್ಲಿಗೇ ಹೋಗಬೇಕಾಗಿಲ್ಲ, ಕೆಲವು ಪ್ರಶ್ನಾವಳಿಗಳನ್ನು ಫೋನಿನಲ್ಲಿಯೂ ತುಂಬಿಸಿಕೊಳ್ಳುತ್ತಾರೆ, ಆದರೆ ತೋಳಿನ ಅಳತೆಗೆ ಮತ್ತು ವೈದ್ಯರ ಪರೀಕ್ಷೆಗೆ ಹೋಗಲೇಬೇಕು. ಫೋನ್ ನಂಬರ್ ಬದಲಾದರೆ ಕೋಆರ್ಡಿನೇಟರಿಗೆ ತಿಳಿಸಿ. ವರ್ಷಕ್ಕೊಮ್ಮೆ ಮಾಡಿಸುವ ಮ್ಯಾಮೊಗ್ರಾಮನ್ನು, ಅಂದರೆ ಸ್ತನದ ಎಕ್ಸ್-ರೇಯನ್ನು, ಊರಿನ ಹತ್ತಿರ ಮಾಡಿಸಿದರೂ ನಡೆಯುತ್ತದೆಯೇ ಎಂದು ನಾನು ಕೇಳಿದ್ದಕ್ಕೆ, ನಡೆಯುತ್ತದೆ, ವರದಿಯ ಜೊತೆ ಸಿ.ಡಿ.ಯನ್ನೂ ತನ್ನಿ ಎಂದಿದ್ದಾರೆ.